ಭಾನುವಾರದ ಸಾಕ್ಷಿ

ಮೂರನೆಯ ಹೆಂಗಸಿನ ಕೊಲೆಯಾಗಿ ನಾಲ್ಕು ದಿನಕ್ಕೆ ಪೊಲೀಸರು ಬಂಡೆಪ್ಪನನ್ನು ಹಿಡಿದುಕೊಂಡು ಹೋದರು. ಕಾರಣಕ್ಕಾಗಿ ಅವರು ಬಹಳ ಹುಡುಕಬೇಕಾಗಿರಲಿಲ್ಲ. ಅವನು ಚೂರಿಗೆ ಸಾಣೆ ಹಿಡಿಯುವವನು. ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ಇಪ್ಪತ್ತಾರು ವರ್ಷದಿಂದ ಪರೇಲ್‌ನಿಂದ ಗ್ರಾಂಟ್ ರೋಡ್‌ವರೆಗೆ ಗಲ್ಲಿ ಗಲ್ಲಿ ತಿರುಗಿದವನು. ಸತ್ತ ಮೂವರೂ ಒಂದೇ ಕೋಣೆಯ ಖೋಲಿಗಳಲ್ಲಿ ಒಂಟಿಯಾಗಿದ್ದ ಹೆಂಗಸರು, ಮೂವರನ್ನೂ ಕೊಂದದ್ದು ಹರಿತವಾದ ಚೂರಿಯಿಂದ. ಅವರಲ್ಲಿ ಇಬ್ಬರ ಬಾಗಿಲ ಮುಂದೆ ಇವನು ಚೂರಿ ಮಸೆಯುತ್ತಿದ್ದುದನ್ನು ಕಂಡವರಿದ್ದರು. ಕಾಣದೆ ಏನು, ಆ ಗಲ್ಲಿಗಳಲ್ಲಿ ಅವನು ನಿಲ್ಲದ ಬಾಗಿಲೇ ಇರಲಿಲ್ಲ.

ಅದೇ ಸಂಜೆ ಟೀವಿಯವರು ಅವನಿಗೆ ‘ಧಾರ್‌ವಾಲಾ’ ಎಂದು, ಅಂದರೆ ಸಾಣೆಯವನೆಂದು, ಹೆಸರಿಟ್ಟರು. ಅವನ ಸೈಕಲ್ಲನ್ನು ಪೊಲೀಸ್ ವ್ಯಾನಿಗೆ ಏರಿಸುವುದನ್ನೇ ಮತ್ತೆ ಮತ್ತೆ ತೋರಿಸಿದರು. ಆಂಟಾಪ್ ಹಿಲ್‌ನ ಅವನ ಚಾಳಿನ ಸಾಲುಮನೆಗಳಲ್ಲೆಲ್ಲ ಅದೇ ಓಡುತ್ತಿತ್ತು. ಅವನ ಹೆಂಡತಿ ಭಾಗವ್ವನೂ ನೋಡಿದಳು.

ಠಾಣೆಯಲ್ಲಿ ಬಂಡೆಪ್ಪ ಹೇಳಿದ್ದು ಒಂದೇ ಮಾತು. ಮೂರನೆಯ ಕೊಲೆ ನಡೆದದ್ದು ಭಾನುವಾರ, ಮಧ್ಯಾಹ್ನ ಒಂದರಿಂದ ಎರಡರ ನಡುವೆ. ಆ ಹೊತ್ತಿನಲ್ಲಿ ಅವನಿದ್ದದ್ದು ಗ್ರಾಂಟ್ ರೋಡಿನ ಪ್ರೀತಮ್ ಶೆಟ್ಟರ ಹೋಟೆಲಿನ ಅಡುಗೆಮನೆಯಲ್ಲಿ. ಗಣಪತಿ ಹಬ್ಬದ ಗದ್ದಲಕ್ಕೆ ಮುಂಚೆ ಒಂದು ದಿನ ಹೋಟೆಲು ಮುಚ್ಚಿ ತೊಳೆಯುವುದು ಶೆಟ್ಟರ ಪದ್ಧತಿ. ಅಲ್ಲಿದ್ದ ಚೂರಿ, ಈಳಿಗೆ, ತುರಿಮಣೆ ಎಲ್ಲಕ್ಕೂ ಆವತ್ತೇ ಸಾಣೆ. ಹತ್ತಕ್ಕೆ ಹೋದವನು ನಾಲ್ಕರವರೆಗೆ ಅಲ್ಲಿಂದ ಎದ್ದಿರಲಿಲ್ಲ. ತರಕಾರಿ ಹೆಚ್ಚುವ ಮುದುಕ ಕೊರಗನ ಪಕ್ಕದಲ್ಲೇ ಕೂತು ಉಂಡಿದ್ದ. ತನಗೆ ಹಲ್ಲು ಸರಿಯಿಲ್ಲವೆಂದು ಕೊರಗ ತನ್ನ ಹಪ್ಪಳವನ್ನೂ ಇವನ ತಟ್ಟೆಗೇ ಹಾಕಿದ್ದ.

ಪೊಲೀಸರು ಹೋಗಿ ಕೇಳಿದರು. ಬೆಳಿಗ್ಗೆ ಬಂದಿದ್ದ, ಯಾವಾಗ ಹೋದನೋ ನೋಡಿಲ್ಲ ಎಂದರು ಶೆಟ್ಟರು. ಕೊರಗ ನೆನಪಿಲ್ಲ ಎಂದ.

ಹನ್ನೊಂದು ದಿನ ಠಾಣೆಯಲ್ಲಿ ಏನಾಯಿತೆಂದು ಬಂಡೆಪ್ಪ ಯಾರಿಗೂ ಹೇಳಲಿಲ್ಲ. ಆದರೆ ಆಮೇಲೆ ಅವನ ಎಡಗಾಲು ಪೆಡಲ್ ತುಳಿಯುವಷ್ಟು ಬಲವಾಗಿ ಊರಲೇ ಇಲ್ಲ. ಅವನ ಚೂರಿಗಳಲ್ಲಿ ರಕ್ತದ ಕುರುಹು ಸಿಗದೆ ಹನ್ನೆರಡನೆಯ ದಿನ ಬಿಟ್ಟರು. ನಾನು ಮಾಡಿಲ್ಲ ಅಂತ ಒಂದು ಕಾಗದ ಬರೆದುಕೊಡಿ ಎಂದು ಕೈಮುಗಿದಾಗ ಅಧಿಕಾರಿ ನಕ್ಕುಬಿಟ್ಟ. ಸಾಕ್ಷಿ ಸಾಲದೆಂದು ಬಿಡುವುದು ಬೇರೆ, ಮಾಡಿಲ್ಲ ಎನ್ನುವುದು ಬೇರೆ. ಅಂಥ ಕಾಗದ ಯಾವ ಠಾಣೆಯಲ್ಲೂ ಸಿಗುವುದಿಲ್ಲ ಎಂದ.

ಮನೆಗೆ ಬಂದಾಗ ಭಾಗವ್ವ ಬಿಸಿನೀರು ಕಾಯಿಸಿಕೊಟ್ಟಳು, ಕಾಲಿಗೆ ಎಣ್ಣೆ ತಿಕ್ಕಿದಳು. ಆಮೇಲೆ ಕೂತು ಬೀನ್ಸನ್ನು ಕೈಯಿಂದಲೇ ಮುರಿಯತೊಡಗಿದಳು.

“ಈಳಿಗಿ ಎಲ್ಲಿ?” ಎಂದ ಬಂಡೆಪ್ಪ.

“ಶರಣವ್ವ ಒಯ್ದಾಳ,” ಎಂದಳು. ಶರಣವ್ವ ಪಕ್ಕದ ಖೋಲಿಯವಳು.

ಮೂರನೆಯ ದಿನ ಹಳೆಯ ಅಂಗಿ ಹುಡುಕಲು ಟ್ರಂಕು ತೆಗೆದರೆ, ಅಡಿಯಲ್ಲಿ ಸೀರೆಯ ಗಂಟು. ಬಿಚ್ಚಿದ. ಈಳಿಗೆ, ಎರಡು ಚೂರಿ, ಒಂದು ಕತ್ತರಿ. ಹೇಗಿತ್ತೋ ಹಾಗೆಯೇ ಸುತ್ತಿ ಒಳಗಿಟ್ಟ. ಪಾಪ, ಅಷ್ಟು ದಿನ ಟೀವಿ ನೋಡಿದ್ದಾಳೆ, ಹೆದರಿಕೆ ಇಳಿಯಲು ಹೊತ್ತು ಬೇಕು ಎಂದುಕೊಂಡ. ಎರಡು ವಾರದಲ್ಲಿ ಈಳಿಗೆ ಅದರ ಜಾಗಕ್ಕೆ ಬಂತು. ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ಅಷ್ಟರಲ್ಲಿ ಕೊಲೆಗಳು ನಿಂತುಹೋದವು. ಅದೇ ಅವನಿಗೆ ಮುಳುವಾಯಿತು. ನಿಜವಾದ ಕೊಲೆಗಾರ ಸತ್ತನೋ, ಊರು ಬಿಟ್ಟನೋ, ಇನ್ನೊಂದು ಕೊಲೆ ಆಗಲಿಲ್ಲ, ಯಾರೂ ಸಿಕ್ಕಲೂ ಇಲ್ಲ. ಇವನನ್ನು ಹಿಡಿದ ಮೇಲೇ ನಿಂತವಲ್ಲ ಎಂದು ಜನ ಲೆಕ್ಕ ಹಾಕಿದರು. ಒಂದು ಮನೆಯವರೂ ಅವನ ಕೈಗೆ ಚೂರಿ ಕೊಡಲಿಲ್ಲ. ಮದುವೆಯಾಗಿ ಸೋಲಾಪುರದಲ್ಲಿದ್ದ ಮಗಳು ಸಪ್ನಾ ಫೋನ್ ಮಾಡುವುದನ್ನು ಬಿಟ್ಟಳು.

ಒಮ್ಮೆ ಹೋಟೆಲಿಗೆ ಹೋದ. ಶೆಟ್ಟರು ಗಲ್ಲಾದಿಂದ ಎದ್ದು ಬಂದು ಅವನನ್ನು ಹಿಂದಿನ ಬಾಗಿಲಿಗೆ ಕರೆದೊಯ್ದರು.

“ನೀವು ಅಂಥವರಲ್ಲ ಅಂತ ನಮಗೆ ಗೊತ್ತುಂಟು ಬಂಡೆಪ್ಪ. ಆದ್ರೆ ಹೋಟೆಲಿನ ಹೆಸರು ಟೀವಿಯಲ್ಲಿ ಬಂದ್ರೆ ಆಮೇಲೆ ಯಾರು ತಿನ್ಲಿಕ್ಕೆ ಬರ್ತಾರೆ, ನೀವೇ ಹೇಳಿ. ಕಾಫಿ ಕುಡೀರಿ.”

ಬಂಡೆಪ್ಪ ಕುಡಿಯಲಿಲ್ಲ. ಒಳಗೆ ಕೊರಗ ತಲೆ ಎತ್ತದೆ ಸೋರೆಕಾಯಿ ಹೆಚ್ಚುತ್ತಿದ್ದ. ಕೊನೆಗೆ ಪರೇಲಿನ ಹೊಸ ಕಟ್ಟಡವೊಂದರಲ್ಲಿ ನೆಲ ತಿಕ್ಕುವ ಕೆಲಸ ಸಿಕ್ಕಿತು, ಅದೂ ಹೆಸರು ಶಾಂತಪ್ಪ ಎಂದು ಹೇಳಿದ್ದಕ್ಕೆ.

ಹೀಗೆ ಒಂದೂವರೆ ವರ್ಷ ಕಳೆಯಿತು. ಒಂದು ಬೆಳಿಗ್ಗೆ ಕೊರಗ ತಾನಾಗಿ ಚಾಳು ಹುಡುಕಿಕೊಂಡು ಬಂದ, ಕೈಯಲ್ಲಿ ಸಿಹಿಯ ಪೊಟ್ಟಣ. ಭಾಗವ್ವ ಚಹಾಕ್ಕೆ ಇಟ್ಟಳು.

“ಹೋಟೆಲ್ ಬಿಟ್ಟೆ ಬಂಡೆಪ್ಪ. ಕಣ್ಣು ಸರಿ ಕಾಣುದಿಲ್ಲ. ನಾಳೆ ಬೆಳಿಗ್ಗೆ ಟ್ರೈನು. ಇನ್ನು ಊರಲ್ಲೇ,” ಎಂದ ಕೊರಗ. ಪೊಟ್ಟಣವನ್ನು ಬಂಡೆಪ್ಪನ ಮುಂದಿಟ್ಟು, “ಆವತ್ತು ನೀನು ನಾಲ್ಕು ಗಂಟೆವರೆಗೆ ನನ್ನ ಹತ್ರವೇ ಇದ್ದದ್ದು. ನನಗೆ ನೆನಪಿತ್ತು ಮಾರಾಯ. ಧಣಿಗಳು ಬೇಡ ಅಂದ್ರು,” ಎಂದ.

“ಇದು ನನಗ ಗೊತ್ತಿದ್ದ ಮಾತು ಕೊರಗಣ್ಣ. ನನಗ್ಯಾಕ ಹೇಳ್ತೀರಿ? ಹೊರಗ ಬರ್ರಿ. ಅವರಿಗೆ ಹೇಳ್ರಿ.”

ನಲ್ಲಿಗೆ ನೀರು ಬರುವ ಹೊತ್ತು. ಕೊಡ, ಬಕೆಟ್ಟು ಹಿಡಿದು ಚಾಳಿನವರೆಲ್ಲ ಸಾಲು ನಿಂತಿದ್ದರು. ಬಂಡೆಪ್ಪ ಕೊರಗನ ತೋಳು ಹಿಡಿದು ತಂದು ಅವರ ಮುಂದೆ ನಿಲ್ಲಿಸಿದ. ಮುದುಕ ಎಲ್ಲರಿಗೂ ತಿಳಿಯಲೆಂದು ಹರುಕುಮುರುಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದ, ಭಾನುವಾರ, ಸಾಣೆ, ಊಟ, ನಾಲ್ಕು ಗಂಟೆ. ಪೊಲೀಸರಿಗೆ ಸುಳ್ಳು ಹೇಳಿದ್ದನ್ನೂ ಹೇಳಿದ.

“ಆವಾಗ ಬಾಯಾಗ ಏನ್ ಇಟ್ಕೊಂಡಿದ್ರಿ?” ಎಂದಳು ಶರಣವ್ವ.

“ನೌಕರಿ ಬಿಟ್ಟ ಮ್ಯಾಲ ನೆನಪಾತು,” ಎಂದ ಸಾಲಿನಲ್ಲಿದ್ದ ಗದಿಗೆಪ್ಪ. “ಯಾರಿಗ್ಗೊತ್ತು, ಕೊಲಿಯಾಗೂ ಇವರಿಬ್ಬರೂ ಜೋಡಿನೇ ಇದ್ದಿರಬೇಕು.” ಇಬ್ಬರು ನಕ್ಕರು. ಸಾಲು ಮುಂದಕ್ಕೆ ಸರಿಯಿತು.

“ಠಾಣೇಕ ಹೋಗೋಣ ನಡೀರಿ,” ಎಂದ ಬಂಡೆಪ್ಪ. “ಇದನ್ನ ಅಲ್ಲಿ ಬರೆಸ್ರಿ.”

“ನಾಳೆ ಟ್ರೈನುಂಟಲ್ಲ ಮಾರಾಯ. ಒಮ್ಮೆ ಅಲ್ಲಿ ಸಿಕ್ಕಿಬಿದ್ರೆ ಬಿಡ್ತಾರಾ?”

ಬಂಡೆಪ್ಪ ಅವನ ತೋಳು ಬಿಟ್ಟ. ಆಗಲೇ ಬೆನ್ನ ಹಿಂದೆ ಅಳು ಕೇಳಿದ್ದು. ಭಾಗವ್ವ ಬಾಗಿಲಿನ ಚೌಕಟ್ಟಿಗೆ ಒರಗಿ ನೆಲಕ್ಕೆ ಕುಸಿದು ಕೂತಿದ್ದಳು. “ಮಾಡಿಲ್ಲ… ನನ್ನ ಗಂಡ ಮಾಡಿಲ್ಲ,” ಎನ್ನುತ್ತ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅದು ದುಃಖದ ಅಳುವಲ್ಲ. ಹರಕೆ ಫಲಿಸಿದವರು, ಕಳೆದ ಮಗು ಸಿಕ್ಕವರು ಅಳುವ ಅಳು. ಬಂಡೆಪ್ಪ ನೋಡುತ್ತ ನಿಂತ. ಕೊರಗ ಯಾವಾಗ ಹೋದನೆಂದು ಅವನಿಗೆ ತಿಳಿಯಲಿಲ್ಲ.

ಮಧ್ಯಾಹ್ನ ಭಾಗವ್ವ ಎಣ್ಣೆಗಾಯಿ ಮಾಡಿದಳು, ಜೋಳದ ರೊಟ್ಟಿ ತಟ್ಟಿದಳು. ಬಡಿಸುತ್ತ ಬಾಯಿತುಂಬ ಮಾತಾಡಿದಳು. ಸಪ್ನಾಗೆ ಫೋನ್ ಮಾಡಿ ಹೇಳಬೇಕು, ಕಾಲನ್ನು ದೊಡ್ಡ ಆಸ್ಪತ್ರೆಗೆ ತೋರಿಸಬೇಕು. ಎಷ್ಟೋ ದಿನದಿಂದ ಅವಳ ದನಿ ಇಷ್ಟು ಹಗುರವಾಗಿರಲಿಲ್ಲ.

“ಒಂದೂವರಿ ವರ್ಷ ನನ್ನ ಮಗ್ಗಲಾಗ ಹೆಂಗ ಮಲಗಿದಿ ನೀ?” ಎಂದು ಬಂಡೆಪ್ಪ ಕೇಳಿದ.

ಭಾಗವ್ವನ ಕೈ ನಿಂತಿತು. ಒಲೆಯ ಕಡೆ ತಿರುಗಿ ಉರಿ ಸಣ್ಣಗೆ ಮಾಡಿದಳು.

“ಎಚ್ಚರ ಇರ್ತಿದ್ದೆ,” ಎಂದಳು. ಆಮೇಲೆ ತಿರುಗಿ ಅವನ ಮುಖ ನೋಡಿದಳು. “ಆದ್ರ ಬಿಟ್ಟು ಹೋಗಲಿಲ್ಲಲ್ರಿ.”

ಅವಳು ಇನ್ನೊಂದು ರೊಟ್ಟಿ ಹಾಕಿದಳು. ಅವನು ಬೇಡ ಎನ್ನಲಿಲ್ಲ, ಮುಟ್ಟಲೂ ಇಲ್ಲ.