ನನ್ನನ್ನು ಕಟ್ಟಿಹಾಕಿದ ಭತ್ತ

ನಾನು ಒಂದು ಸಣ್ಣ ಆರ್‌ಎನ್‌ಎ. ಭತ್ತದ ಎಳೆ ತೆನೆಯಲ್ಲಿ ಉದ್ದ ಎಳೆಯಾಗಿ ಹುಟ್ಟಿದೆ, ಮಡಚಿಕೊಂಡೆ, ಜೀವಕೋಶದ ಕತ್ತರಿ ನನ್ನನ್ನು ಗಿಡ್ಡ ಮಾಡಿತು. ಗಿಡ್ಡವೆಂದು ಯಾರಾದರೂ ಮೂಗು ಮುರಿದರೆ ಮುರಿಯಲಿ, ನನಗೇನು!

ನನ್ನದು ಕಾವಲಿನ ಕೆಲಸ. ಕಾಳಿನ ಸಿಪ್ಪೆ ದೊಡ್ಡದಾಗಲಿ, ಇನ್ನೂ ದೊಡ್ಡದಾಗಲಿ ಎಂಬ ಸಂದೇಶ ಗಿಡದೊಳಗೆ ಹೊರಟರೆ ಅದನ್ನು ಹಿಡಿದು, ಹೆಚ್ಚಾದಷ್ಟನ್ನು ಕತ್ತರಿಸಿಹಾಕುತ್ತೇನೆ. ಒಳಗಿನ ಹಾಲು ತುಂಬುವಷ್ಟೇ ಸಿಪ್ಪೆ ಸಾಕು ಎಂಬುದು ನನ್ನ ಹಟ.

ಗಂಗಾವತಿ ಹತ್ತಿರದ ಸಂಶೋಧನಾ ಕೇಂದ್ರದಲ್ಲಿ ಭ್ರಮರಾಂಬ ಎಂಬ ವಿಜ್ಞಾನಿಗೆ ನಾನು ಮಗ್ಗುಲ ಮುಳ್ಳಾದೆ.

"ಇದರ ಬಾಯಿ ಮುಚ್ಚಿಸಿದ್ರ ಕಾಳು ದಪ್ಪ ಆಗತಾವ ನೋಡ್ರಿ ಸರ್," ಎಂದು ತನ್ನ ಹಿರಿಯ ಅಧಿಕಾರಿ ವಿಶ್ವಾರಾಧ್ಯರಿಗೆ ಹೇಳಿದಳು.

ಹೇಳಿದಂತೆಯೇ ಮಾಡಿದಳು. ಗಿಡದೊಳಗೆ ನನಗಾಗಿ ಒಂದು ನಕಲಿ ಸಂದೇಶ ಹೂಡಿದಳು. ನಿಜದ್ದೆಂದು ಹಿಡಿದೆ. ಕತ್ತರಿಸಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ, ಅಲ್ಲೇ ಸಿಕ್ಕಿಬಿದ್ದೆ.

ತೆನೆ ಹೊರಬಂತು. ಕಾಳುಗಳೋ, ಹಿಂದೆಂದೂ ಕಾಣದಷ್ಟು ದಪ್ಪ! ಉದ್ದ ಅಳೆದರು, ಅಗಲ ಅಳೆದರು, ಒಳಗೆ ಹಾಲು ತುಂಬಿದೆಯೇ ಎಂದು ಒಬ್ಬರೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ಭಲೇ ತಂಗಿ, ಇದನ್ನ ದೊಡ್ಡ ತಾಕಿಗೆ ಹಾಕೂಣು," ಎಂದರು ವಿಶ್ವಾರಾಧ್ಯ.

ಬಿತ್ತುವ ಮುಂಚೆ ಬೀಜವನ್ನು ಉಪ್ಪುನೀರಿಗೆ ಸುರಿದು ನೋಡುವುದು ಅಲ್ಲಿಯ ರೂಢಿ. ಗಟ್ಟಿ ಕಾಳು ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಭ್ರಮರಾಂಬ ಬಕೆಟ್ಟಿಗೆ ಸುರಿದಳು. ಮುಕ್ಕಾಲು ಪಾಲು ಕಾಳು ತೇಲಿದವು. ಅಂಥದೊಂದು ಕಾಳಿನೊಳಗೆ ನಾನೂ ತೇಲಿದೆ. ಅವಳ ಮುಖ ಸಪ್ಪಗಾಯಿತು.

"ಹೊಸಾದು ಅಲ್ಲೇನು, ಒಂದಿಷ್ಟು ತೇಲ್ತಾವ. ದಪ್ಪ ಆಗ್ಯಾವ ಅಂತ ವರದಿ ಬರದು ಮುಂದ ಕಳಿಸು," ಎಂದರು ಪಕ್ಕದಲ್ಲಿದ್ದ ವಿಶ್ವಾರಾಧ್ಯ.

ಹೂಂ ಅಂದಿದ್ದರೆ ಅವಳ ಇಷ್ಟು ವರ್ಷಗಳ ದುಡಿಮೆಗೆ ಹೆಸರು ಬರುತ್ತಿತ್ತು. ಇಲ್ಲವೆಂದರೆ ಎಲ್ಲವೂ ನೀರುಪಾಲು. ಅವಳು ಒಂದು ಕಾಳು ಎತ್ತಿ ಹಲ್ಲಿನಲ್ಲಿ ಕಡಿದಳು, ಉಗುಳಿದಳು.

"ಕಳಿಸಂಗಿಲ್ಲ ಸರ್. ಜೊಳ್ಳು ಐತಿ, ಜೊಳ್ಳು ಅಂತನ ಹೇಳ್ತೀನಿ."

ಅಷ್ಟು ದಿನ ಅವಳನ್ನು ಶಪಿಸಿದ್ದ ನನಗೆ ಆ ಗಳಿಗೆ ಅವಳು ನಮ್ಮವಳೇ ಅನ್ನಿಸಿದಳು.

ಈಗ ನಮ್ಮನ್ನೆಲ್ಲ ಬಳಿದು ಸುಡುವ ತೊಟ್ಟಿಯ ಪಕ್ಕ ಇಟ್ಟಿದ್ದಾರೆ. ಒಣಗಿ ಮುದಿಯಾಗಿದ್ದೇನೆ, ಆ ನಕಲಿಯನ್ನು ಇನ್ನೂ ಹಿಡಿದೇ ಇದ್ದೇನೆ. ಸುಡುತ್ತಾರಂತೆ. ಸುಡಲಿ.

ಈಗಷ್ಟೇ ಅವಳು ಪಕ್ಕದ ಕುಂಡದ ಎಳೆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, "ಈ ಸಲ ನಿನ್ನ ಪೂರ್ತಿ ಕಟ್ಟಂಗಿಲ್ಲ, ಒಂಚೂರು ಸಡಿಲ ಬಿಡ್ತೀನಿ," ಎಂದಳು.

ಬಿಡುವುದಕ್ಕೆ ಅವಳು ಯಾರು? ಆ ಗಿಡದೊಳಗೆ ನನ್ನಂಥದ್ದೇ ಇನ್ನೊಂದು ಹುಟ್ಟಿ ಆಗಲೇ ಕೆಲಸಕ್ಕೆ ಇಳಿದಾಗಿದೆ.