ಒಂದೇ ಎತ್ತರದ ಜೋಡಿ

೧

ಈ ಕತೆಯನ್ನು ಹೇಗೆ ಶುರು ಮಾಡುವುದು ಎಂದು ಹೊಳೆಯದೆ ಮೊದಲ ಸಾಲಿಗೇ ಒಬ್ಬನನ್ನು ಸಾಯಿಸಿಬಿಟ್ಟೆ. ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಮೂಟೆ ಎತ್ತುವ ಚಿಕ್ಕಮಾದಯ್ಯ ಟೀ ಕುಡಿಯುತ್ತಾ ಕುಸಿದು ಸತ್ತ, ಎಂದು ಬರೆದೆ. ಓದುಗರು ಎದ್ದು ಹೋಗಬಾರದಲ್ಲ. (ನೀವು ಹೋಗಲಿಲ್ಲ. ನೋಡಿ, ಉಪಾಯ ಫಲಿಸಿತು.)

ಎರಡನೇ ಸಾಲಿಗೆ ಅವನ ಜೋಡಿ ಬೋರಯ್ಯ ಬಂದ. ನಾಲ್ಕು ಅಡಿ ಹತ್ತಿಂಚು. ಬಂದವನು ಮೂಟೆಯ ಒಂದು ತುದಿ ಹಿಡಿದು ನಿಂತುಬಿಟ್ಟ. ಅಲ್ಲಿಂದ ಕತೆ ಮುಂದಕ್ಕೆ ಹೋಗುತ್ತಿಲ್ಲ.

೨

ಸ್ವಲ್ಪ ವಿವರಣೆ ಬೇಕು. ಲೋಡ್ ಮಾಡುವಾಗ ಇಬ್ಬರು ಮೂಟೆಯ ಎರಡು ತುದಿ ಹಿಡಿದು, ಹಿಂದಕ್ಕೂ ಮುಂದಕ್ಕೂ ತೂಗಿ, ಲಾರಿಯ ಮೇಲಕ್ಕೆ ಎಸೆಯುತ್ತಾರೆ. ಇಬ್ಬರ ಎತ್ತರ ಒಂದೇ ಇರಬೇಕು. ಒಬ್ಬ ಗಿಡ್ಡನಾದರೆ ಮೂಟೆ ವಾಲುತ್ತದೆ, ಈರುಳ್ಳಿಯೆಲ್ಲ ಅವನ ಕಡೆಗೇ ಉರುಳುತ್ತದೆ, ಭಾರವೂ ಅದರ ಹಿಂದೆಯೇ ಬರುತ್ತದೆ. ಮಂಡಿಯಲ್ಲಿ ಗಿಡ್ಡರು ಇವರಿಬ್ಬರೇ. ಹದಿನೆಂಟು ವರ್ಷ ಒಟ್ಟಿಗೆ ಎತ್ತಿದರು. ಈಗ ಬೋರಯ್ಯನಿಗೆ ಜೋಡಿಯಿಲ್ಲ, ಜೋಡಿಯಿಲ್ಲದವನಿಗೆ ಕೆಲಸವಿಲ್ಲ.

೩ (ಎರಡನೇ ಡ್ರಾಫ್ಟ್. ಕೈಬಿಟ್ಟಿದ್ದೇನೆ.)

ಉಳಿದವರೆಲ್ಲ ಉದ್ದ. ಹಾಗಾದರೆ ಬೋರಯ್ಯನನ್ನೇ ಬೆಳೆಸಿದರಾಯಿತು. ಲೇಖಕನಿಗೆ ಅಷ್ಟೂ ಅಧಿಕಾರವಿಲ್ಲವೇ? ಒಂದೇ ವಾಕ್ಯದಲ್ಲಿ ಎರಡರಷ್ಟು ಮಾಡಿದೆ. (ಧಾರಾಳ ನನ್ನ ಹುಟ್ಟುಗುಣ.) ಆಗ ಲೆಕ್ಕ ಕೈಕೊಟ್ಟಿತು. ಎತ್ತರ, ಅಗಲ, ದಪ್ಪ ಎಲ್ಲ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ. ಮೂಳೆ, ಮಾಂಸಖಂಡಗಳ ಬಲ ಮಾತ್ರ ನಾಲ್ಕರಷ್ಟೇ. ಪುಣಜನೂರಿನ ಕಾಡಿನ ಕಡೆ ಕಬ್ಬಿನ ಲಾರಿಗೆ ಅಡ್ಡ ನಿಲ್ಲುವ ಆನೆಯನ್ನು ನೋಡಿ. ಅಷ್ಟು ಬಲವಿದ್ದೂ ನೆಗೆಯಲಾರದು, ಕಂಬದಂಥ ಕಾಲುಗಳ ಮೇಲೆ ತನ್ನನ್ನು ತಾನೇ ಹೊತ್ತುಕೊಂಡು ನಿಂತಿರುತ್ತದೆ. ಇರುವೆಗೆ ಆ ಕಷ್ಟವಿಲ್ಲ.

ಬೆಳೆದ ಬೋರಯ್ಯ ಎರಡು ಹೆಜ್ಜೆ ಇಟ್ಟು ಕೂತುಬಿಟ್ಟ.

"ನನ್ನ ನಾನೇ ಎತ್ತಕಾಯ್ತಿಲ್ಲ ಸಾ," ಅಂದ. "ಮೂಟೆ ಎಂಗೆ ಎತ್ಲಿ? ಮೊದ್ಲಿದ್ದಂಗೇ ಮಾಡ್ಬುಡಿ."

ಅಳಿಸಿದೆ.

೪

"ನನ್ನ ಅಳತೆ ಸರಿಯಾಗೇ ಅದೆ. ನಮ್ ಚಿಕ್ಕಮಾದಯ್ಯನ್ನ ಕರ್ಕಬನ್ನಿ," ಅಂದ ಬೋರಯ್ಯ.

"ಅಂಥದ್ದೇನಿತ್ತು ಅವನಲ್ಲಿ?" (ಸಾಯಿಸುವ ಮೊದಲು ಕೇಳಬೇಕಿದ್ದ ಪ್ರಶ್ನೆ.)

"ಬ್ಯಾರೆ ಜೋಡಿಗಳು ಒಂದು, ಎಲ್ಡು ಅಂತ ಕೂಗ್ತರೆ. ನಾವು ಕೂಗ್ತಿರ್ನಿಲ್ಲ. ಅವ ಉಸ್ರು ಎಳ್ಕಂಡ್ರೆ ನನ್ ಕೈ ತಾನೇ ಏಳದು. ಸಂಜೆಗೆ ನಂಗೆ ಎಲ್ಲಿ ನೋಯ್ತಿತ್ತೋ ಅವನ್ಗೂ ಅಲ್ಲೇ ನೋಯ್ತಿತ್ತು. ಈಗ ನಂದೊಬ್ಬಂದೇ ನೋಯ್ತದೆ ಸಾ."

ನನಗೆ ನಾಚಿಕೆಯಾಯಿತು. ಹೊಟ್ಟೆಕಿಚ್ಚೂ ಆಯಿತು. ಇಷ್ಟು ವರ್ಷ ಬರೆದಿದ್ದೇನೆ, ನನಗೆ ಎಲ್ಲಿ ನೋಯುತ್ತದೆ ಎಂದು ಕೇಳದೆಯೇ ತಿಳಿಯುವವರು ಒಬ್ಬರೂ ಸಿಗಲಿಲ್ಲ. ಸಿಗಲಿ ಎಂದು ಎಷ್ಟು ಆಸೆಪಟ್ಟಿದ್ದೇನೆಂದರೆ, ಹೇಳಿದರೆ ನೀವು ನಗುತ್ತೀರಿ.

೫ (ಮುಕ್ತಾಯ, ಒಂದು ಬಗೆ)

ಚಿಕ್ಕಮಾದಯ್ಯ ಸಾಯಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಮಂಡಿಗೆ ಬಂದು ಮೂಟೆಯ ಇನ್ನೊಂದು ತುದಿ ಹಿಡಿದ. ನಾಲ್ಕು ಅಡಿ ಹತ್ತಿಂಚು, ಅಳೆದೇ ಬರೆದಿದ್ದೇನೆ.

ಬೋರಯ್ಯ ಅವನ ಮುಖವನ್ನು ಬಹಳ ಹೊತ್ತು ನೋಡಿದ.

"ಇವ ಅಲ್ಲ ಸಾ."

"ಅವನೇ ಕಣಯ್ಯ. ಅದೇ ಎತ್ತರ."

"ಎತ್ರ ಅದೇಯ. ಅವ ಬದುಕಿದ್ದಾಗ ನೀವು ಒಂದ್ ಸಾಲೂ ಬರೀನಿಲ್ಲ. ಈಗ ಎಲ್ಲಿಂದ ತಂದೀರಿ?"

ನಾನು ತಂದವನನ್ನು ನಾನೇ ವಾಪಸ್ ಕಳಿಸಿದೆ. ಅವನು ಹೇಗೆ ನಡೆದುಹೋದ ಎಂದು ಕೂಡ ನನಗೆ ಬರೆಯಲು ಬರಲಿಲ್ಲ.

೬ (ಇನ್ನೊಂದು ಬಗೆ)

ಬೋರಯ್ಯ ಕೆಲಸ ಬಿಟ್ಟು ಕುದೇರಿಗೆ, ಮಗಳ ಮನೆಗೆ ಹೋದ. (ಅವನು ಒಪ್ಪುತ್ತಿಲ್ಲ. ಮೂಟೆಯ ತುದಿ ಬಿಡುತ್ತಿಲ್ಲ.)

೭

ಕೊನೆಗೆ ನಾನೇ ಪುಟದೊಳಗೆ ಇಳಿದೆ. ಐದು ಅಡಿ ಎಂಟಿಂಚು, ಲ್ಯಾಪ್‌ಟಾಪಿಗಿಂತ ಭಾರದ್ದನ್ನು ಎತ್ತಿ ಅಭ್ಯಾಸವಿಲ್ಲ. ಖಾಲಿ ತುದಿ ಹಿಡಿದು, ಅವನ ಮಟ್ಟಕ್ಕೆ ಬರುವಷ್ಟು ಮೊಣಕಾಲು ಬಗ್ಗಿಸಿದೆ. ಮೂಟೆ ನೆಲ ಬಿಟ್ಟಿತು.

ಬೋರಯ್ಯ ನನ್ನನ್ನೇ ನೋಡುತ್ತಿದ್ದ. ನನಗೆ ಎಲ್ಲಿ ನೋಯುತ್ತಿದೆ ಎಂದು ಹೇಳಲು ಬಾಯಿ ತೆರೆದೆ.

"ಯೋಳ್ಬ್ಯಾಡಿ," ಅಂದ. "ಸಂಜೆಗಂಟ ಎತ್ತನ. ನಂಗೇ ತಿಳೀತದೇನೋ ನೋಡನ."

ಈ ಕತೆಯಲ್ಲಿ ಗಂಟೆ ಇನ್ನೂ ಹನ್ನೊಂದೂವರೆ. ನಾವು ಮೂಟೆ ಕೆಳಗಿಟ್ಟಿಲ್ಲ.