ಪಾರ್ಕಿನ ಬೇಲಿ ಮತ್ತು ಸಾವಿತ್ರಿ ಆಂಟಿಯ ಅವರೆ

ಡಾಕ್ಟರ್ ಪ್ರಭಾಕರ ಅಂಕಲ್ ಮೂವತ್ತೈದು ವರ್ಷ ಆಪರೇಷನ್ ಥಿಯೇಟರಿನಲ್ಲಿ ರೋಗಿಗಳಿಗೆ ಅರಿವಳಿಕೆ ಕೊಟ್ಟವರು. ನಿವೃತ್ತರಾದ ಮೇಲೆ ಅದೇ ಕೆಲಸವನ್ನು ಮಾತಿನಿಂದ ಮಾಡುತ್ತಾರೆ. ಇಂಗ್ಲಿಷ್ ಪದಗಳ ಹುಟ್ಟು ಹುಡುಕುವ ಹುಚ್ಚು ಅವರಿಗೆ. ನಾನು ಮುನೀಬಾ, ಅಮೆರಿಕದ ಸೆಂಟರ್‌ವಿಲ್‌ನಲ್ಲಿ ಅವರ ಪಕ್ಕದ ಮನೆಯವಳು, ಬಡಾವಣೆಯ ಅಸೋಸಿಯೇಷನ್ನಿನ ಸೆಕ್ರೆಟರಿ. ಬೇರೆ ಯಾರೂ ಒಪ್ಪಲಿಲ್ಲವೆಂದು ನನ್ನ ತಲೆಗೆ ಕಟ್ಟಿದ ಹುದ್ದೆ ಅದು.

ಅವರ ಹೆಂಡತಿ ಸಾವಿತ್ರಿ ಆಂಟಿಗೆ ಬೇಕಾಗಿದ್ದದ್ದು ಇಷ್ಟೇ: ಒಂದು ವರ್ಷವಾದರೂ ತಾನು ಬೆಳೆದ ಅವರೆಕಾಯಿ ತಿನ್ನಬೇಕು. ವರ್ಜೀನಿಯಾದಲ್ಲಿ ಅವರೆ ಹೂಬಿಡುವುದೇ ಸೆಪ್ಟೆಂಬರಿನಲ್ಲಿ, ನವೆಂಬರಿನ ಚಳಿಗೆ ಬಳ್ಳಿ ಸುಟ್ಟುಹೋಗುತ್ತದೆ. ನಡುವೆ ಸಿಗುವ ಎರಡು ತಿಂಗಳಲ್ಲಿ ಹಿತ್ತಲ ಹಿಂದಿನ ಅಸೋಸಿಯೇಷನ್ ಪಾರ್ಕಿನಿಂದ ಜಿಂಕೆಗಳು ಬಂದು ಬುಡದವರೆಗೂ ಮೇಯ್ದು ಹೋಗುತ್ತವೆ. ಮೂರು ವರ್ಷ ಹೀಗೇ ಆಯಿತು. ನಾಲ್ಕಡಿಗಿಂತ ಎತ್ತರದ ಬೇಲಿ ಹಾಕಲು ಅಸೋಸಿಯೇಷನ್ ಒಪ್ಪಬೇಕು. ನಾಲ್ಕಡಿ ಬೇಲಿ ಜಿಂಕೆಗೆ ಹೊಸ್ತಿಲಿದ್ದ ಹಾಗೆ.

"ಅಂಕಲ್, ಒಂದು ಫಾರ್ಮ್ ಇದೆ. ಎರಡು ಫೋಟೊ ಅಟ್ಯಾಚ್ ಮಾಡಿ, ಎಕ್ಸೆಪ್ಶನ್ ಕೊಡಿ ಅಂತ ಬರೀರಿ, ಸಾಕು," ಎಂದೆ.

"ಅದ್ರಲ್ಲಿ ಆರ್ಗ್ಯುಮೆಂಟ್ ಎಲ್ಲಿದೆ ಮುನೀಬಾ? ನಾನು ಮೀಟಿಂಗಲ್ಲೇ ಪ್ರೆಸೆಂಟ್ ಮಾಡ್ತೀನಿ."

"ಜಿಂಕೆ ತಿನ್ನುತ್ತೆ ಅಂತ ಹೇಳ್ಬಿಡ್ರೀ," ಎಂದು ಆಂಟಿ ಅಡುಗೆಮನೆಯಿಂದ ಕೂಗಿದರು. ಅಂಕಲ್ಲಿಗೆ ಕೇಳಿಸಲಿಲ್ಲ.

೨೦೨೨ರ ಜುಲೈ ತಿಂಗಳ ಜೂಮ್ ಸಭೆ. ಒಬ್ಬೊಬ್ಬರಿಗೆ ಮೂರು ನಿಮಿಷ. ಅಂಕಲ್ ತೆಗೆದುಕೊಂಡಿದ್ದು ಹತ್ತೊಂಬತ್ತು. ಪಾರ್ಕ್ ಎಂದರೆ ನಮಗೆ ಈಗ ಬಯಲು, ಹುಲ್ಲು, ಬೆಂಚು. ಆದರೆ ಆ ಪದ ಹುಟ್ಟಿದಾಗ ಅರ್ಥ ತಿರುಗುಮುರುಗಾಗಿತ್ತಂತೆ. ಫ್ರೆಂಚರಿಂದ ಬಂದ ಮಾತು. ರಾಜರು, ಜಮೀನ್ದಾರರು ಬೇಟೆಗಾಗಿ ಜಿಂಕೆಗಳನ್ನು ಕೂಡಿಹಾಕಿದ, ಬೇಲಿ ಸುತ್ತಿದ ಜಾಗವೇ ಪಾರ್ಕು. ಬೇಲಿ ಇಲ್ಲದಿದ್ದರೆ ಅದು ಬರೀ ಕಾಡು. ಜಿಂಕೆ ಒಳಗೆ ಹಾರಬಹುದು, ಹೊರಗೆ ಹಾರಲಾಗದು, ಹಾಗೆ ಒಂದು ಕಡೆ ಹಳ್ಳ ತೋಡುತ್ತಿದ್ದರು. ಬೇಲಿಯೊಳಗೆ ಸಿಕ್ಕಿಕೊಂಡ ರೈತನ ಹೊಲ ಹೋದ ಹಾಗೆಯೇ. ಎಷ್ಟೋ ಕಾಲದ ಮೇಲೆ ಲಂಡನ್ನಿನಲ್ಲಿ ಜನರಿಗೆ ಬಾಗಿಲು ತೆರೆದಾಗ ಅದು ಎಲ್ಲರ ಬಯಲಾಯಿತು. ಸೈನ್ಯದವರು ಬಂಡಿ, ಫಿರಂಗಿ ನಿಲ್ಲಿಸುವ ಜಾಗಕ್ಕೂ ಅದೇ ಹೆಸರಿಟ್ಟರು. ನಮ್ಮ ಕಾರು ಪಾರ್ಕಿಂಗ್ ಬಂದದ್ದು ಅಲ್ಲಿಂದ. ಆದ್ದರಿಂದ ಪಾರ್ಕಿನ ಪಕ್ಕ ಬೇಲಿ ಕೇಳುವುದು ನಿಯಮ ಮುರಿಯುವುದಲ್ಲ, ಪದಕ್ಕೆ ಮರ್ಯಾದೆ ಕೊಡುವುದು!

ಅಧ್ಯಕ್ಷ ವಾಲ್ಟರ್ ಸೈನ್ಯದಲ್ಲಿದ್ದವರು. ತೂಕಡಿಸುತ್ತಿದ್ದ ಮನುಷ್ಯ ಫಿರಂಗಿ ಎಂದ ಕೂಡಲೇ ಎದ್ದು ಕೂತರು. ಇಷ್ಟು ಚೆನ್ನಾಗಿ ಯಾರೂ ವಿವರಿಸಿರಲಿಲ್ಲ, ಒಂದು ಮನೆಗೆ ಯಾಕೆ, ಇಡೀ ಪಾರ್ಕಿಗೇ ಎಂಟಡಿ ಬೇಲಿ ಹಾಕಿಸೋಣ, ಜಿಂಕೆ ಒಳಗಿರಲಿ, ತೋಟಗಳು ಹೊರಗಿರಲಿ ಎಂದರು. ಎಲ್ಲರೂ ಕೈ ಎತ್ತಿದರು. ಅಂಕಲ್ ಮೂರು ದಿನ ಎದೆ ಉಬ್ಬಿಸಿಕೊಂಡು ವಾಕಿಂಗ್ ಹೋದರು.

ಆಗಸ್ಟಿನಲ್ಲಿ ಅಳತೆಯವರು ಬಂದು ಗಡಿಯುದ್ದಕ್ಕೂ ಕಿತ್ತಳೆ ಬಣ್ಣದ ಪುಟ್ಟ ಬಾವುಟ ನೆಟ್ಟರು. ನೋಡಿದರೆ, ಬಾವುಟಗಳು ಆಂಟಿಯ ಮನೆಗೂ ಅವರೆ ಚಪ್ಪರಕ್ಕೂ ನಡುವೆ ನಿಂತಿವೆ. ಬಿಸಿಲು ಬೀಳುವ ಜಾಗವೆಲ್ಲ ನಮ್ಮದೇ ಎಂದುಕೊಂಡು ಪಾತಿ ಅಗೆಯುವ ಅಭ್ಯಾಸ ನಮ್ಮವರಿಗೆ. ಇವರು ಹನ್ನೊಂದು ಅಡಿ ಪಾರ್ಕಿನೊಳಗೆ ಹೋಗಿಬಿಟ್ಟಿದ್ದರು. ಬೇಲಿ ಎದ್ದರೆ ಅವರೆಯೂ ಜಿಂಕೆಯೂ ಒಂದೇ ಕಡೆ.

"ಬೇಲಿಯೊಳಗೆ ಸಿಕ್ಕಿಕೊಂಡ ಹೊಲ ಏನಾಗ್ತಿತ್ತು ಅಂದ್ರಿ?" ಎಂದು ಆಂಟಿ ಕೇಳಿದರು.

ಅಂಕಲ್ ಒಳಗೆ ಹೋಗಿ ಮುಂದಿನ ಸಭೆಗೆ 'ಬೌಂಡರಿ' ಪದದ ಚರಿತ್ರೆ ಹುಡುಕತೊಡಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಚಪ್ಪರದ ತುಂಬ ಆಗಲೇ ಚಿಗುರು, ಆಂಟಿ ದಿನಾ ಹೋಗಿ ಎಲೆ ಸವರಿ ಬರುತ್ತಿದ್ದರು.

ಸೆಪ್ಟೆಂಬರ್ ಸಭೆಯಲ್ಲಿ ಪ್ರಭಾಕರ ಅಂಕಲ್ ಹೆಸರು ಕರೆದಾಗ ತೆರೆಯ ಮೇಲೆ ಕಂಡದ್ದು ಅವರ ಕೈ ಮಾತ್ರ. ಆಂಟಿ ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ಎಳೆದುಕೊಂಡಿದ್ದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದು ನನ್ನ ಟಿಪ್ಪಣಿಯಲ್ಲಿ ಹೀಗಿದೆ: "ನನಗೆ ಎಪ್ಪತ್ತನಾಲ್ಕು ವರ್ಷ. ಗೊತ್ತಿಲ್ಲದೆ ನಿಮ್ಮ ಜಾಗದಲ್ಲಿ ಅವರೆ ಹಾಕಿದ್ದೇನೆ, ತಪ್ಪಾಯಿತು. ಈಗ ಹೂ ಬಿಟ್ಟಿದೆ. ದಯವಿಟ್ಟು ಈ ಚಳಿಗಾಲದವರೆಗೆ ಬೇಲಿಯನ್ನು ಚಪ್ಪರದ ಹಿಂದೆ ಹಾಕಿ. ನನಗೆ ಅದನ್ನು ತಿನ್ನಬೇಕು."

ಇಪ್ಪತ್ತೆರಡು ಸೆಕೆಂಡು. ವಾಲ್ಟರ್ ಕನ್ನಡಕ ತೆಗೆದರು. ಇದನ್ನು ಜುಲೈನಲ್ಲೇ ಹೇಳಬಾರದಿತ್ತೇ ಎಂದರು. ಬೇಲಿ ಹನ್ನೆರಡು ಅಡಿ ಹಿಂದಕ್ಕೆ ಸರಿಯಿತು, ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಆದರೆ ತೆರೆಯ ಮೇಲೆ ಅಂಕಲ್ ಆಂಟಿಯರ ಜೂಮ್ ಕಿಟಕಿ ಇನ್ನೂ ತೆರೆದೇ ಇತ್ತು.

"ಚೆನ್ನಾಗಿ ಹೇಳ್ದೆ ಸಾವಿತ್ರಿ," ಎಂದರು ಅಂಕಲ್, ಸಣ್ಣ ದನಿಯಲ್ಲಿ.

"ಐವತ್ತು ವರ್ಷದಿಂದ ನನ್ನ ಮಾತೆಲ್ಲ ನೀವೇ ಆಡ್ತಿದ್ದೀರಿ. ನನಗೂ ಬರುತ್ತೆ ಅಂತ ನನಗೇ ಮರ್ತುಹೋಗಿತ್ತು ನೋಡಿ."

ಅಂಕಲ್ ಕುರ್ಚಿ ಸರಿಸಿ ಎದ್ದ ಸದ್ದಾಯಿತು.

"ಇನ್ನೇನಾದ್ರೂ ಹೇಳೋದಿದ್ಯಾ?"

"ಇದೆ. ಕೂತ್ಕೊಳ್ಳಿ."

ಮೈಕ್ ಆನ್ ಆಗಿದೆ ಎಂದು ಸೆಕ್ರೆಟರಿಯಾದ ನಾನು ಎಚ್ಚರಿಸಬೇಕಿತ್ತು. ಆ ಸಭೆಯಲ್ಲಿ ಅವರಿಬ್ಬರನ್ನು ಬಿಟ್ಟರೆ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ. ಮಿಕ್ಕವರ ಸದ್ದು ತಗ್ಗಿಸಿ, ಚಹಾ ತಂದಿಟ್ಟುಕೊಂಡು ಕೂತೆ.